ಬೇಗ ಬೇಕು ಅಂತ ಕೆಟ್ಟಿದ್ದನ್ನೇ ತಂದೆ: ಒಂದು ಗೇಮ್ ಬಾಯ್ ರಿಪೇರಿ

ಕಾಯುವವರ ಪಟ್ಟಿಯಲ್ಲಿ ನನ್ನದು ಹನ್ನೊಂದನೇ ಹೆಸರು.

ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಹಳೇ ಗೇಮ್ ಬಾಯ್ ಅಡ್ವಾನ್ಸ್‌ಗಳನ್ನು ಬಿಚ್ಚಿ, ತೊಳೆದು, ಬೆಳಕಿರುವ ಹೊಸ ಸ್ಕ್ರೀನ್ ಕೂರಿಸಿ ಮಾರುವ ಹುಡುಗನೊಬ್ಬ ಬೆಂಗಳೂರಿನಲ್ಲಿದ್ದಾನೆ. ಅಂಗಡಿ ಗಿಂಗಡಿ ಏನಿಲ್ಲ, ಮಹಡಿ ಮೇಲಿನ ರೂಮೇ ಅವನ ವರ್ಕ್‌ಶಾಪ್. ಸ್ಕ್ರೀನ್ ಹೊರದೇಶದಿಂದ ಬರಬೇಕು, ಬಂದ ಮೇಲೆ ಒಂದೊಂದಾಗಿ ಕೂರಿಸಬೇಕು. ಏಪ್ರಿಲ್ ಮೂರನೇ ವಾರ ಫೋನ್ ಮಾಡಿ ಕೇಳಿದೆ. "ಜೂನ್ ಆಗತ್ತೆ ಸರ್" ಅಂದ.

ಜೂನ್‌ನಲ್ಲಿ ಬಂದರೆ ನನಗೇನು ಪ್ರಯೋಜನ? ಧಾರವಾಡದಿಂದ ಅಕ್ಕನ ಮಗ ಬೇಸಿಗೆ ರಜೆಗೆ ಬರುವವನಿದ್ದ. ಹತ್ತು ವರ್ಷದ ಹುಡುಗ. ಕೈಗೆ ಫೋನ್ ಕೊಟ್ಟರೆ ಮಧ್ಯಾಹ್ನ ಕಳೆದು ಸಂಜೆಯಾದರೂ ತಲೆ ಎತ್ತುವುದಿಲ್ಲ. ಜಾಹೀರಾತು ಬರದ, ಇಂಟರ್ನೆಟ್ ಕೇಳದ, ಸೆಲ್ ಮುಗಿದರೆ ತಾನೇ ನಿಲ್ಲುವ ಆಟದ ಸಾಮಾನು ಒಂದನ್ನು ಅವನಿಗೆ ತೋರಿಸಬೇಕು ಅಂತ ನನ್ನ ಆಸೆ. ನಿಜ ಹೇಳಬೇಕೆಂದರೆ ಆಸೆ ಅರ್ಧ ಅವನಿಗಾಗಿ, ಅರ್ಧ ನನಗಾಗಿ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಯಾರ ಹತ್ತಿರವೂ ಗೇಮ್ ಬಾಯ್ ಇರಲಿಲ್ಲ. ಕಡಲೆಕಾಯಿ ಪರಿಷೆಯಲ್ಲಿ ಕೊಡಿಸಿದ ಬ್ರಿಕ್ ಗೇಮ್ ಒಂದಿತ್ತು. ಮೇಲೆ "9999 ಆಟಗಳು" ಅಂತ ಬರೆದಿತ್ತು, ಎಣಿಸಿದರೆ ಹತ್ತು ಹನ್ನೆರಡು ಸಿಗುತ್ತಿದ್ದವು.

"ಇವಾಗ್ಲೇ ಬೇಕು ಅಂದ್ರೆ ಒಂದಿದೆ ಸರ್" ಅಂದ ಹುಡುಗ. "ಆದ್ರೆ ನಾನಿನ್ನೂ ಕೈ ಹಾಕಿಲ್ಲ. ಸುಮಾರು ತೊಂದ್ರೆ ಇದೆ. ಹಂಗೇ ತಗೊಂಡ್ ಹೋಗ್ತೀನಿ ಅಂದ್ರೆ ಕೊಡ್ತೀನಿ."

ತೊಂದರೆ ಏನೇನು ಅಂತ ಕೇಳಿದೆ. ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದ. ಸೆಲ್ ಸೋರಿದೆ. ಸ್ವಿಚ್ ಅಲ್ಲಾಡಿಸಿದರೆ ಆಫ್ ಆಗುತ್ತದೆ. ಎಡ ಮೇಲ್ಮೂಲೆಯ ಬಟನ್ ಹತ್ತು ಸಲ ಒತ್ತಿದರೆ ಎರಡು ಸಲ ಕೆಲಸ ಮಾಡುತ್ತದೆ. ಸ್ಪೀಕರ್ ಕರಕರ ಅನ್ನುತ್ತದೆ. ಸ್ಕ್ರೀನ್ ಹಳೆಯದೇ, ಬೆಳಕಿಲ್ಲ. ಎಲ್ಲ ಸರಿ ಮಾಡಿದ್ದಕ್ಕೆ 11,000 ರೂಪಾಯಿ, ಇದಕ್ಕೆ 4,500. ಪಟ್ಟಿಯಿಂದ ಹೆಸರು ತೆಗೆಯಲಾ ಅಂತ ಕೇಳಿದ. ಇರಲಿ ಬಿಡಿ ಅಂದೆ.

ನಾನು ತಗೊಂಡಿದ್ದು ಆ ಬಾಯಿಪಾಠ ಕೇಳಿಯೇ. "ಚೆನ್ನಾಗೇ ಇದೆ ಸರ್, ಸ್ವಲ್ಪ ನೋಡ್ಕೋಬೇಕು ಅಷ್ಟೆ" ಅಂದಿದ್ದರೆ ಬಿಟ್ಟು ಬರುತ್ತಿದ್ದೆ. ಇಷ್ಟಿಷ್ಟು ಕೆಟ್ಟಿದೆ ಅಂತ ಎಣಿಸಿ ಹೇಳುವವನ ಮಾಲು, ಕೆಟ್ಟಿದ್ದರೂ ಲೆಕ್ಕಕ್ಕೆ ಸಿಗುತ್ತದೆ. ಆದರೆ ಅವನ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿತ್ತು. ಅವನಿಗೂ ಗೊತ್ತಿರಲಿಲ್ಲ. ಅದು ಆಮೇಲೆ.

ಕೈಗೆ ಬಂದದ್ದು ನೇರಳೆ ಬಣ್ಣದ, ಅಡ್ಡ ಮೈಯ ಮೊದಲ ಮಾದರಿ. ಇದು ಜಪಾನಿನಲ್ಲಿ 2001ರ ಮಾರ್ಚ್‌ನಲ್ಲಿ ಬಂದದ್ದು. 16.78 ಮೆಗಾಹರ್ಟ್ಸ್‌ನ ಆರ್ಮ್ ಪ್ರೊಸೆಸರ್, 2.9 ಇಂಚಿನ ಸ್ಕ್ರೀನ್, ಅದರಲ್ಲಿ 240 ಅಡ್ಡ 160 ಚುಕ್ಕಿ. ನಡೆಯುವುದು ಎರಡು ಪೆನ್ಸಿಲ್ ಸೆಲ್ ಮೇಲೆ. ರಿಪೇರಿ ಕಲಿಯುವವರಿಗೆ ಇದಕ್ಕಿಂತ ಸಾಧು ಸಾಮಾನು ಸಿಗುವುದು ಕಷ್ಟ. ಮೈಯನ್ನೂ ಬೋರ್ಡನ್ನೂ ಹಿಡಿದಿರುವುದು ಗೋಂದಲ್ಲ, ಸ್ಕ್ರೂ.

ಸ್ಕ್ರೂ ಅಂದೆನಲ್ಲ, ಅಲ್ಲೇ ಮೊದಲ ದಿನ ಕಳೆಯಿತು. ಹಿಂಭಾಗದಲ್ಲಿ ಆರು ಸ್ಕ್ರೂಗಳ ತಲೆ ಮೂರು ಎಸಳಿನದು. ಮನೆಯ ಸ್ಕ್ರೂಡ್ರೈವರ್ ಯಾವುದೂ ಹಿಡಿಯಲಿಲ್ಲ. ಸೆಲ್ ಹಾಕುವ ಜಾಗದಲ್ಲಿರುವ ಏಳನೆಯದು ಮಾತ್ರ ಮಾಮೂಲಿ ಸ್ಟಾರ್. ಭಾನುವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದರೆ ಮುಕ್ಕಾಲು ಪಾಲು ಶಟರ್ ಕೆಳಗೆ. ಹೋಗುವ ಮುಂಚೆ ಯೋಚಿಸಬೇಕಿತ್ತು. ಸೋಮವಾರ ಆಫೀಸು ಮುಗಿಸಿ ಮತ್ತೆ ಹೋದೆ. ಮೂರು ಎಸಳಿನ ಸ್ಕ್ರೂಡ್ರೈವರ್ 120 ರೂಪಾಯಿ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿ 150. ಬೆಸುಗೆ ಹೀರುವ ತಾಮ್ರದ ಜಾಲರಿ ಒಂದು ಸುರುಳಿ, 60. ಸೋಲ್ಡರಿಂಗ್ ಐರನ್, ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಫ್ಲಕ್ಸ್, ವೋಲ್ಟ್ ಅಳೆಯುವ ಮಲ್ಟಿಮೀಟರ್ ಮನೆಯಲ್ಲೇ ಇದ್ದವು.

ಬಿಚ್ಚುವಾಗ ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದುಕೊಂಡೆ. ಇದು ಹಳೇ ಪೆಟ್ಟಿನ ಪಾಠ. ಒಂದು ಸಲ ಮಿಕ್ಸಿ ಬಿಚ್ಚಿ ವಾಪಸ್ ಜೋಡಿಸಿದಾಗ ಎರಡು ಸ್ಕ್ರೂ ಉಳಿದಿದ್ದವು. ಮಿಕ್ಸಿ ಓಡುತ್ತಿದೆ, ಸ್ಕ್ರೂ ಡಬ್ಬದಲ್ಲಿವೆ, ಹೆಂಡತಿಗೆ ಹೇಳಿಲ್ಲ.

ಸೆಲ್ ಜಾಗದ ಸ್ಪ್ರಿಂಗ್ ಮೇಲೆ ಬಿಳಿ ಪುಡಿ, ಬುಡದಲ್ಲಿ ಹಸಿರು. ಆಲ್ಕಲೈನ್ ಸೆಲ್ ಸೋರಿದರೆ ಹೊರಗೆ ಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಕ್ಷಾರಕ್ಕೆ ಹುಳಿ ಮದ್ದು. ಅಡುಗೆಮನೆಯ ಬಿಳಿ ವಿನೆಗರ್‌ನಲ್ಲಿ ಇಯರ್‌ಬಡ್ ಅದ್ದಿ ಮುಟ್ಟಿಸಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ನಿಂಬೆರಸವೂ ಆಗುತ್ತದೆ, ಆದರೆ ಅಂಟು ಉಳಿಯುತ್ತದೆ. ಗುಳ್ಳೆ ನಿಂತ ಮೇಲೆ ನೀರು ಮುಟ್ಟಿಸಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಆಲ್ಕೋಹಾಲ್‌ನಲ್ಲಿ ಒರೆಸಬೇಕು. ವಿನೆಗರ್ ಅಲ್ಲೇ ಬಿಟ್ಟರೆ ಅದೂ ಲೋಹ ತಿನ್ನುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಆ ಪುಡಿ ಉದುರುವಾಗ ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಹಸಿರು ಬಿಡದ ಕಡೆ ಸಣ್ಣ ಎಮೆರಿ ಪೇಪರ್ ಆಡಿಸಿದೆ. ಸ್ಪ್ರಿಂಗ್ ಬೆಳ್ಳಗಾಯಿತು.

ಹೊಸ ಸೆಲ್ ಹಾಕಿ ಆನ್ ಮಾಡಿದೆ. ಹಸಿರು ದೀಪ ಬಂತು, ಲೋಗೋ ಬಂತು, ಸ್ವಿಚ್ ಹತ್ತಿರ ಬೆರಳು ತಾಗಿದ್ದೇ ತಡ ಎಲ್ಲ ಹೋಯಿತು. ಸೆಲ್ಲಿನ ತುದಿಯಲ್ಲಿ ಅಳೆದರೆ 3.1 ವೋಲ್ಟ್. ಸ್ವಿಚ್ ದಾಟಿದ ಮೇಲೆ ಅಳೆದರೆ 2.2. ಮಧ್ಯದಲ್ಲಿ ಮುಕ್ಕಾಲು ವೋಲ್ಟಿಗಿಂತ ಜಾಸ್ತಿ ನುಂಗಿ ಹಾಕುತ್ತಿರುವುದು ಆ ಸ್ವಿಚ್ಚೇ. ಒಳಗಿನ ಸಂಪರ್ಕಕ್ಕೆ ಕಿಲುಬು ಹಿಡಿದರೆ ಸ್ವಿಚ್ ಅನ್ನುವುದು ಕರೆಂಟು ತಡೆಯುವ ರೆಸಿಸ್ಟರ್ ಆಗಿಬಿಡುತ್ತದೆ. ಮೊದಲು ಫ್ಯೂಸ್ ಕೂಡ ನೋಡಿಕೊಂಡೆ, ಸರಿಯಿತ್ತು.

ಸುಲಭದ ದಾರಿ ಅಂದರೆ ಸ್ವಿಚ್ಚಿನ ಸಂದಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು ನಲವತ್ತು ಐವತ್ತು ಸಲ ಆ ಕಡೆ ಈ ಕಡೆ ಆಡಿಸುವುದು. ಹತ್ತರಲ್ಲಿ ಎಂಟಕ್ಕೆ ಇಷ್ಟೇ ಸಾಕು ಅಂತ ನನ್ನ ಅಂದಾಜು. ಇದು ಆ ಎಂಟರಲ್ಲಿ ಇರಲಿಲ್ಲ. ಆಡಿಸಿದೆ, 2.6ಕ್ಕೆ ಏರಿತು. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮತ್ತೆ 2.3.

ಮೇ 4ಕ್ಕೆ ಅಕ್ಕನ ಮಗ ಬರುತ್ತಾನೆ, ಇವತ್ತು ಮೇ 2. ಇಲ್ಲಿ ಅವಸರ ಮಾಡಿದೆ. ಅವಸರಕ್ಕೇ ಅಲ್ವಾ ಈ ಪೀಸ್ ತಂದದ್ದು, ಅದೇ ಅವಸರ ಐರನ್ ಹಿಡಿದ ಕೈಗೂ ಬಂತು.

ಸ್ವಿಚ್ ಕೀಳಬೇಕಾದರೆ ಕ್ರಮ ಹೀಗೆ. ಹಳೇ ಬೆಸುಗೆಗೆ ಸ್ವಲ್ಪ ಹೊಸ ಬೆಸುಗೆ ಸೇರಿಸಿ, ಫ್ಲಕ್ಸ್ ಹಚ್ಚಿ, ತಾಮ್ರದ ಜಾಲರಿ ಇಟ್ಟು, ಮೇಲಿಂದ ಕಾಯಿಸಿ, ಎಲ್ಲ ಕಾಲುಗಳ ಬೆಸುಗೆಯೂ ಹೀರಿದ ಮೇಲೆ ಸ್ವಿಚ್ಚನ್ನು ಮೆಲ್ಲಗೆ ಎತ್ತಬೇಕು. ಅದು ತಾನಾಗೇ ಬರಬೇಕು. ಹೊರಗಿನ ತಗಡಿನ ಕಾಲುಗಳು ಒಳಗಿನ ಸರ್ಕ್ಯೂಟ್ ಬೋರ್ಡಿನ ದೊಡ್ಡ ತಾಮ್ರದ ಪದರಕ್ಕೆ ಸೇರಿರುತ್ತವೆ. ಅವು ಬಿಸಿಯನ್ನು ಕುಡಿಯುತ್ತಲೇ ಇರುತ್ತವೆ, ಬೇಗ ಕಾಯುವುದಿಲ್ಲ. ಅವೆರಡಕ್ಕೆ ಗಮನ ಕೊಟ್ಟು ಕೂತವನು ಚಿಕ್ಕ ಕಾಲೊಂದರ ಬೆಸುಗೆ ಪೂರ್ತಿ ಬಿಟ್ಟಿಲ್ಲ ಅನ್ನುವುದನ್ನು ನೋಡಲಿಲ್ಲ. ಚಿಮುಟದಲ್ಲಿ ಎತ್ತಿದೆ. ಟಿಕ್ ಅಂತ ಸಣ್ಣ ಸದ್ದು. ಸ್ವಿಚ್ ಕೈಗೆ ಬಂತು, ಕಾಲಿಗೆ ಅಂಟಿಕೊಂಡು ಬೋರ್ಡಿನ ತಾಮ್ರದ ಬಿಲ್ಲೆಯೂ ಬಂತು.

ಆ ಬಿಲ್ಲೆ ಸಾಸಿವೆ ಕಾಳಿಗಿಂತ ಚೂರು ದೊಡ್ಡದು. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ. ಪಟ್ಟಿಯಲ್ಲಿದ್ದ ತೊಂದರೆಗಳೆಲ್ಲ ಬೇರೆಯವರು ಮಾಡಿದ್ದು, ಇದು ನಾನು ಮಾಡಿದ್ದು. ಊಟ ಮಾಡಿ, ಐರನ್ ಆರಿಸಿ, ಮಲಗಿದೆ. ಅವತ್ತು ಮಾಡಿದ ಕೆಲಸಗಳಲ್ಲಿ ಸರಿಯಾದದ್ದು ಅದೊಂದೇ.

ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ಸ್ವಿಚ್ ಬಿಚ್ಚಿದೆ. ತಗಡಿನ ಕಿವಿಗಳನ್ನು ಬ್ಲೇಡಿನಲ್ಲಿ ಮೇಲೆತ್ತಿದರೆ ಮುಚ್ಚಳ ಬರುತ್ತದೆ. ಒಳಗೆ ಜಾರುವ ಪುಟ್ಟ ತಗಡು, ಅದು ಉಜ್ಜುವ ಕಾಲುಗಳು, ಎಲ್ಲವೂ ಕಪ್ಪು. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿದೆ. ಮೀಟರಿನಲ್ಲಿ ನೋಡಿದರೆ ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಸೊನ್ನೆ. ಮುಚ್ಚಳ ಹಾಕಿ ಕಿವಿ ಮಡಚಿದೆ.

ಇನ್ನು ಕಿತ್ತ ಬಿಲ್ಲೆ. ಬಿಲ್ಲೆ ಹೋದರೂ ಅದು ಸೇರುತ್ತಿದ್ದ ತಾಮ್ರದ ಗೆರೆ ಬೋರ್ಡಿನ ಮೇಲೆ ಇದ್ದೇ ಇರುತ್ತದೆ. ಮೀಟರನ್ನು ಸಂಪರ್ಕವಿದ್ದರೆ ಬೀಪ್ ಅನ್ನುವ ಮೋಡ್‌ಗೆ ಹಾಕಿ ಆ ಗೆರೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿದೆ. ಸ್ವಲ್ಪ ದೂರದಲ್ಲೇ ಒಂದು ಕೆಪಾಸಿಟರ್ ಕಾಲಿಗೆ ಸೇರುತ್ತಿತ್ತು. ತಂತಿಗೆ ಹಳೇ ಇಯರ್‌ಫೋನ್ ಕತ್ತರಿಸಿದೆ. ಅದರೊಳಗಿನ ಕೂದಲಿನಂಥ ಎಳೆಗಳಿಗೆ ವಾರ್ನಿಷ್ ಬಳಿದಿರುತ್ತದೆ. ಐರನ್ ತುದಿಯಲ್ಲಿ ಬೆಸುಗೆಯ ಹನಿ ಇಟ್ಟುಕೊಂಡು ಎಳೆಯನ್ನು ಅದರಲ್ಲಿ ಅದ್ದಿದರೆ ವಾರ್ನಿಷ್ ಸುಟ್ಟು ತಾಮ್ರಕ್ಕೆ ಬೆಸುಗೆ ಹಿಡಿಯುತ್ತದೆ. ಕಿಟಕಿ ತೆಗೆದಿಡಿ, ಹೊಗೆ ಒಳ್ಳೆಯದಲ್ಲ. ಕರೆಂಟು ಹರಿಯುವ ಜಾಗ ಅಂತ ಮೂರು ಎಳೆ ಸೇರಿಸಿ ಹೊಸೆದೆ. ಒಂದು ತುದಿ ಸ್ವಿಚ್ಚಿನ ಕಾಲಿಗೆ, ಇನ್ನೊಂದು ಕೆಪಾಸಿಟರ್ ಕಾಲಿಗೆ. ಮೇಲೆ ಬಿಸಿ ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್. ನೋಡಲು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿದೆ.

ಸೆಲ್ ತುದಿಯಲ್ಲಿ 3.1, ಸ್ವಿಚ್ ದಾಟಿ 3.05. ಬೆರಳಿನಿಂದ ಬಡಿದೆ, ಅಲ್ಲಾಡಿಸಿದೆ. ಆಫ್ ಆಗಲಿಲ್ಲ.

ಉಳಿದವು ಬೇಗ ಮುಗಿದವು. ಎಡ ಬಟನ್ ಒಳಗೆ ಯಾವ ಕಾಲದ್ದೋ ಕೂಲ್‌ಡ್ರಿಂಕ್ ಒಣಗಿ ಪಾಕವಾಗಿತ್ತು, ಆಲ್ಕೋಹಾಲ್‌ಗೆ ಬಿಟ್ಟುಕೊಂಡಿತು. ಸ್ಪೀಕರ್ ಕೆಟ್ಟಿದೆಯೋ ವಾಲ್ಯೂಮ್ ಚಕ್ರ ಕೆಟ್ಟಿದೆಯೋ ಅಂತ ತಿಳಿಯಲು ಇಯರ್‌ಫೋನ್ ಸಿಕ್ಕಿಸಿ ಕೇಳಬೇಕು. ಮನೆಯ ಒಂದೇ ತಂತಿಯ ಇಯರ್‌ಫೋನನ್ನು ಆಗ ತಾನೇ ಕತ್ತರಿಸಿದ್ದೆ. ಪಕ್ಕದ ಮನೆಯಿಂದ ಕಡ ತಂದೆ. ಅದರಲ್ಲಿ ಸದ್ದು ಸ್ವಚ್ಛ, ಚಕ್ರ ತಿರುಗಿಸುವಾಗ ಮಾತ್ರ ಒಂದು ಕಡೆ ಸರಕ್ ಅನ್ನುತ್ತದೆ. ಅಂದರೆ ಎರಡೂ ಕೆಟ್ಟಿವೆ, ಸ್ಪೀಕರ್ ಜಾಸ್ತಿ, ಚಕ್ರ ಕಡಿಮೆ. ಚಕ್ರಕ್ಕೆ ಎರಡು ಹನಿ ಬಿಟ್ಟೆ. ಸ್ಪೀಕರ್‌ನ ಪೊರೆ ಹರಿದಿತ್ತು. ಮಧ್ಯಾಹ್ನ ಮತ್ತೆ ಎಸ್.ಪಿ. ರೋಡ್. ಹಳೆಯದನ್ನು ಕೈಯಲ್ಲಿ ಹಿಡಿದು ತೋರಿಸಿದೆ. ಅಂಗಡಿಯವರು ಡಬ್ಬ ಕೆದಕಿ ಅದೇ ಅಗಲದ 8 ಓಮ್‌ನದ್ದು ಕೊಟ್ಟರು, 40 ರೂಪಾಯಿ. ಒಂದೇ ಸ್ಪೀಕರ್ ಆದ್ದರಿಂದ ಪ್ಲಸ್ ಮೈನಸ್ ಅದಲು ಬದಲಾದರೂ ನಡೆಯುತ್ತದೆ.

ಮೇ 4ರ ಬೆಳಿಗ್ಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಅಕ್ಕ, ಅಳಿಯ ಬಂದಿಳಿದರು. ಕಾಫಿ ಆಗುವ ಮುಂಚೆಯೇ ಅವನ ಕೈಗೆ ಕೊಟ್ಟೆ. ಎರಡು ನಿಮಿಷ ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮಾಮಾ, ಇದರಾಗ ಲೈಟ ಇಲ್ಲೇನು? ಏನೂ ಕಾಣವಲ್ದು."

ಹೌದು, ಇಲ್ಲ. ಮೊದಲ ಮಾದರಿಯ ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ. ಹೊರಗಿನ ಬೆಳಕು ಒಳಗೆ ಹೋಗಿ ಹಿಂದಿನ ಪದರಕ್ಕೆ ಬಡಿದು ವಾಪಸ್ ಬಂದರಷ್ಟೇ ಚಿತ್ರ. ಕಿಟಕಿ ಪಕ್ಕ ಕೂರಿಸಿದೆ. ಅರ್ಧ ಗಂಟೆಯಲ್ಲಿ ಅವನೇ ತನಗೆ ಬೇಕಾದ ಕೋನ ಕಂಡುಕೊಂಡ. ಸಂಜೆ ಆರರ ಮೇಲೆ ಟ್ಯೂಬ್‌ಲೈಟ್ ಕೆಳಗೆ ಕತ್ತು ಓರೆ ಮಾಡಿ ಆಡುತ್ತಿದ್ದ. ಅಕ್ಕ ನನ್ನ ಕಡೆ ನೋಡಿ, "ಫೋನ್ ಬಿಡಿಸ್ತೀನಿ ಅಂದೋನು ಕತ್ತು ಮುರಿಸ್ತಿದೀಯಲ್ಲೋ" ಅಂದಳು.

ಮೂರನೇ ದಿನ, ಮಾರಿದವನ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಆ ತೊಂದರೆ ಹೊರಗೆ ಬಂತು. ಅಮೆರಿಕದಿಂದ ವಾಪಸ್ ಬಂದ ಗೆಳೆಯನೊಬ್ಬ ವರ್ಷಗಳ ಹಿಂದೆ ಕೊಟ್ಟಿದ್ದ ಹಳೇ ಟೆಟ್ರಿಸ್ ಕಾರ್ಟ್ರಿಜ್, ಅಂದರೆ ಆಟ ತುಂಬಿದ ಪುಟ್ಟ ಡಬ್ಬಿ, ನನ್ನ ಹತ್ತಿರವಿತ್ತು. 1989ರ ಮೊದಲ ಗೇಮ್ ಬಾಯ್ ಕಾಲದ್ದು. ಪರಿಷೆಯ ಬ್ರಿಕ್ ಗೇಮಿನ ಅಸಲಿ ತಾಯಿ ಇದೇ ಅಂತ ಅಳಿಯನಿಗೆ ಭಾಷಣ ಮಾಡಿ ಸಿಕ್ಕಿಸಿದೆ. ಲೋಗೋ ಬಂತು, ಅಲ್ಲೇ ನಿಂತಿತು. ತೆಗೆದೆ, ಒರೆಸಿದೆ, ಸಿಕ್ಕಿಸಿದೆ. ಅದೇ ಕಥೆ. ಅಡ್ವಾನ್ಸ್‌ನದೇ ಹೊಸ ಕಾರ್ಟ್ರಿಜ್ ಹಾಕಿದರೆ ಸುಸೂತ್ರ. ಟೆಟ್ರಿಸ್ಸೇ ಸತ್ತಿದೆ ಅಂತ ತೀರ್ಮಾನ ಮಾಡಿ ಪಕ್ಕಕ್ಕಿಟ್ಟೆ.

ಅಳಿಯ ಬಿಡಲಿಲ್ಲ. ಎರಡೂ ಕಾರ್ಟ್ರಿಜ್ ಒಂದರ ಪಕ್ಕ ಒಂದು ಇಟ್ಟುಕೊಂಡು ಕೂತಿದ್ದ. "ಮಾಮಾ, ಇದಕ್ಕ ಕೆಳಗಿನ ಮೂಲ್ಯಾಗ ಕಚ್ಚು ಐತಿ, ಇದಕ್ಕಿಲ್ಲ ನೋಡು. ಯಾಕ?"

ಅವನು ಕೇಳಿದ ಮೇಲೆ ತಲೆಗೆ ಹೊಳೆಯಿತು. ಗೇಮ್ ಬಾಯ್ ಅಡ್ವಾನ್ಸ್ ಒಳಗೆ ಎರಡು ಯಂತ್ರಗಳಿವೆ. ಹೊಸ ಆಟಗಳಿಗೆ ಆರ್ಮ್ ಪ್ರೊಸೆಸರ್, ಹಳೇ ಆಟಗಳಿಗಾಗಿ ಹಳೇ 8 ಬಿಟ್ ಪ್ರೊಸೆಸರ್. ಹಳೇ ಕಾರ್ಟ್ರಿಜ್ ನಡೆಯುವುದು 5 ವೋಲ್ಟ್‌ನಲ್ಲಿ, ಹೊಸದು 3.3ರಲ್ಲಿ. ಯಾವುದು ಬಂದಿದೆ ಅಂತ ಗೊತ್ತಾಗುವುದು ಸಾಫ್ಟ್‌ವೇರ್‌ನಿಂದಲ್ಲ, ಡಬ್ಬಿಯ ಆಕಾರದಿಂದ. ಕಾರ್ಟ್ರಿಜ್ ಹೋಗುವ ಜಾಗದಲ್ಲಿ ಪುಟ್ಟ ಸ್ವಿಚ್ ಇದೆ. ಹಳೇ ಡಬ್ಬಿ ಅದನ್ನು ಒತ್ತುತ್ತದೆ, ಹೊಸದಕ್ಕೆ ಕಚ್ಚು ಇರುವುದರಿಂದ ಒತ್ತುವುದಿಲ್ಲ. ಈ ಸ್ವಿಚ್ಚಿಗೂ ಕಿಲುಬು ಹಿಡಿದಿದ್ದರೆ ಟೆಟ್ರಿಸ್ ಬಂದು ಕೂತದ್ದೇ ಯಂತ್ರಕ್ಕೆ ತಿಳಿಯುವುದಿಲ್ಲ.

ಮಾರಿದ ಹುಡುಗನಿಗೆ ಫೋನ್ ಮಾಡಿದೆ, ಜಗಳಕ್ಕಲ್ಲ, ಕುತೂಹಲಕ್ಕೆ. "ಹಳೇ ಕಾರ್ಟ್ರಿಜ್ ನನ್ ಹತ್ರ ಇಲ್ಲ ಸರ್. ಹಂಗಾಗಿ ಟೆಸ್ಟೇ ಮಾಡಿರ್ಲಿಲ್ಲ" ಅಂದ. ನ್ಯಾಯವೇ.

ಮತ್ತೆ ಏಳು ಸ್ಕ್ರೂ, ಒಳಗೆ ಬೋರ್ಡ್ ಹಿಡಿದಿರುವ ಮೂರು. ಈ ಸಲ ಸ್ಕ್ರೂ ಬಿಚ್ಚಿದ್ದು ಅಳಿಯ. ಬಿಚ್ಚಿದ್ದನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಂತ ಹಂತವಾಗಿ ಇಡುವ ಉಪಾಯವೂ ಅವನದೇ, ನನ್ನ ಫೋಟೋಗಳಿಗಿಂತ ಚೆನ್ನಾಗಿತ್ತು. ಸ್ಕ್ರೀನನ್ನು ಬೋರ್ಡಿಗೆ ಸೇರಿಸುವ ತೆಳು ಪಟ್ಟಿ ತೆಗೆಯುವಾಗ ಮಾತ್ರ ನಾನು ಕೈ ಹಿಡಿದೆ. ಅದರ ಕನೆಕ್ಟರ್‌ಗೆ ಎರಡು ಕಡೆ ಸಣ್ಣ ಕಿವಿ ಇರುತ್ತವೆ. ಅವನ್ನು ಎರಡೂ ಕಡೆ ಸಮವಾಗಿ ಮೇಲಕ್ಕೆ ಜಾರಿಸಿದ ಮೇಲೆ ಪಟ್ಟಿ ಎಳೆಯಬೇಕು. ಒಂದು ಕಿವಿ ಮುರಿದರೆ ಸ್ಕ್ರೀನ್ ಹೋದ ಹಾಗೆ. ಸ್ವಿಚ್ಚಿಗೆ ಎರಡು ಹನಿ ಆಲ್ಕೋಹಾಲ್ ಬಿಟ್ಟು, ಮರದ ಟೂತ್‌ಪಿಕ್‌ನಿಂದ ಅರವತ್ತು ಸಲ ಒತ್ತಿದೆವು, ಎಣಿಸಿದ್ದು ಅವನು. ಹತ್ತು ನಿಮಿಷ ಒಣಗಲು ಬಿಟ್ಟೆವು.

ಟೆಟ್ರಿಸ್ ಬಂತು. ನಾನು ಮೂರನೇ ಲೆವೆಲ್‌ನಲ್ಲಿ ಸತ್ತೆ.

ಒಟ್ಟು ಖರ್ಚು 4,870 ರೂಪಾಯಿ, ಪಕ್ಕದ ಮನೆಯವರಿಗೆ ಕೊಡಿಸಿದ ಹೋಳಿಗೆ ಬಿಟ್ಟು. ಸಮಯ ಹದಿನಾಲ್ಕು ಗಂಟೆ, ಅದರಲ್ಲಿ ಐದು ಆ ಕಿತ್ತ ಬಿಲ್ಲೆಗೆ. ವಾಲ್ಯೂಮ್ ಚಕ್ರ ಇನ್ನೂ ಮಧ್ಯದಲ್ಲಿ ಒಮ್ಮೆ ಸರಕ್ ಅನ್ನುತ್ತದೆ. ಅಲ್ಲಿ ನಿಲ್ಲಿಸದೆ ದಾಟಿಸಬೇಕು.

ರಜೆ ಮುಗಿದು ಅವನು ಹೊರಟಾಗ ಗೇಮ್ ಬಾಯ್ ಅವನ ಬ್ಯಾಗಿನಲ್ಲಿತ್ತು, ಜೊತೆಗೆ ನಾಲ್ಕು ಚಾರ್ಜಿಂಗ್ ಸೆಲ್. ವಾಪಸ್ ಇಟ್ಟು ಹೋಗು ಅನ್ನಲು ನನಗೂ ಬಾಯಿ ಬರಲಿಲ್ಲ, ಅಕ್ಕನೂ ಅನ್ನಲಿಲ್ಲ.

ಜೂನ್ ಎರಡನೇ ವಾರ ಫೋನ್ ಬಂತು. "ಸರ್, ನಿಮ್ ನಂಬರ್ ಬಂತು. ಪೀಸ್ ರೆಡಿ ಇದೆ, ಬೇಕಾ?"

"ಪೀಸ್ ಬೇಡ. ಬರೀ ಸ್ಕ್ರೀನ್ ಮಾರ್ತೀರಾ?"

"ಕೊಡೋಣ ಸರ್. ನಿಮ್ ಬೋರ್ಡು 32 ಪಿನ್ನಾ, 40 ಪಿನ್ನಾ? ಪಟ್ಟಿ ಬೇರೆ ಬೇರೆ ಬರತ್ತೆ."

ಬೋರ್ಡು ಧಾರವಾಡದಲ್ಲಿದೆ. ಫೋನಿನಲ್ಲಿ ಹಳೇ ಫೋಟೋ ತೆಗೆದು, ದೊಡ್ಡದು ಮಾಡಿ, ಬೆರಳಿಟ್ಟು ಎಣಿಸಿದೆ. 40.

"ಒಳಗಿನ ಪ್ಲಾಸ್ಟಿಕ್ ಸ್ವಲ್ಪ ಕೊಯ್ಬೇಕಾಗತ್ತೆ ಸರ್" ಅಂದ. ದಸರಾ ರಜೆ ಇದೆ, ಇಡ್ಲಿ ತಟ್ಟೆಯೂ ಇದೆ.